ಮುಕ್ತಿಗಾಡಿಯ ಕೆಂಪೆಣ್ಣಿ

ಹೆಣದ ಗಾಡಿ ಹೊಡಿಯೋ ಮನುಷ್ಯಾಗ ನಗೂವಂಥಾದ್ದು ಏನು ಸಿಗತೈತಿ ಅಂತ ಮಂದಿ ಕೇಳ್ತಾರ. ನಾ ಹುಡುಕ್ಕೊಂಡು ಹೋಗಂಗಿಲ್ರಿ, ಅದ ಬಂದು ಗಾಡಿ ಹತ್ತತೈತಿ. ಅದೂ ಎಂಥಾ ಹೊತ್ತಿನ್ಯಾಗ ಅಂದ್ರ, ಎದಿ ಝಲ್ ಅಂದು, ಮೈಮ್ಯಾಲಿನ ಕೂದ್ಲ ಎದ್ದು ನಿಂತು, ಇನ್ನೇನು ಗಾಡಿ ಬಿಟ್ಟು ಓಡಬೇಕು ಅನ್ನೂದ್ರಾಗ. ನಮ್ಮ ಕೆಲಸದಾಗ ಅಂಜಿಕಿ ಮೊದ್ಲು, ನಗು ಆಮ್ಯಾಲೆ.

ನಮ್ಮ ಗಾಡಿ ಕೊಪ್ಪಳದಾಗ ಒಂದು ಧರ್ಮದ ಸಂಸ್ಥಾದ್ದು. ದವಾಖಾನ್ಯಾಗ ತೀರಿಕೊಂಡವರನ್ನ ಅವರವರ ಊರಿಗೆ ಮುಟ್ಟಿಸೂದು ನನ್ನ ಕೆಲಸ. ಕುಷ್ಟಗಿ, ಯಲಬುರ್ಗಿ, ಗಂಗಾವತಿ, ಎಲ್ಲಾ ಕಡೆ ಹೋಗತೈತಿ. ಗಾಡಿ ಭಾಳ ಹಳೇದು. ಗಿಣಿಗೇರಿ ಕಡೆ ಒಂದು ಕಾರ್ಖಾನಿಯವರು ಹೊರದೇಶದಿಂದ ತರಿಸಿಕೊಂಡಿದ್ದ ಆಂಬುಲೆನ್ಸ್. ಕಾರ್ಖಾನಿ ಬಂದ್ ಆದ ಮ್ಯಾಲ ನಮಗ ದಾನ ಬಂತು. ಅದಕ್ಕ ಕ್ಲಚ್ ಇಲ್ಲ, ಗೇರು ತಂತಾನ ಬೀಳತೈತಿ. ಬ್ರೇಕಿನ ಮ್ಯಾಲಿನ ಕಾಲು ತಗದ್ರ ಸಾಕು, ಯಾರೋ ಹಿಂದಿನಿಂದ ಮೆಲ್ಲಕ ನೂಕಿದಂಗ ಮುಂದ ಸರೀತೈತಿ. ಮೊದಲನೇ ದಿನ ನನ್ನ ಹೆಂಡ್ತಿ ಬಾಜೂಕ ಕುಂತು ಅದನ್ನ ನೋಡಿದಾಕಿ, "ಇದನ್ನ ನೀವು ಹೊಡಿಯಾಕತ್ತೀರೋ, ಇದ ನಿಮ್ಮನ್ನ ಕರಕೊಂಡು ಹೊಂಟೈತೋ?" ಅಂತ ಕೇಳಿ ಇಳಿದುಬಿಟ್ಲು. ಇವತ್ತಿನ ತನಕ ಮತ್ತ ಹತ್ತಿಲ್ಲ. ಯಾಕಂತ ಕೇಳಿದ್ರ, "ಆ ಗಾಡಿ ಹತ್ತೂದು ಒಂದ ಸಲ" ಅಂತಾಳ.

ಇಂಥಾ ಗಾಡಿಗೆ ಒಂದು ರೋಗ ಹತ್ತಿತು. ಅದರ ಗೇರ್ ಪೆಟಿಗಿ ಎಣ್ಣಿ ಸೋರಾಕ ಸುರು ಆತು. ಮೊದಲ ಅದು ನನಗ ಗೊತ್ತಿದ್ದಿಲ್ಲ. ಗೊತ್ತಾಗೂದ್ರೊಳಗ ಒಂದು ಫಜೀತಿ ಆಗಿಹೋಗಿತ್ತು.

ನರಳಿಕಿ

ಯಲಬುರ್ಗಿ ಕಡೆ ಒಂದು ಹಳ್ಳಿ ಮುದುಕಿ ಕೊಪ್ಪಳದ ದವಾಖಾನ್ಯಾಗ ತೀರಿಕೊಂಡಿದ್ಲು. ಹಿಂದ ಹೆಣದ ಬಾಜೂಕ ಇಬ್ಬರು ಹೆಣ್ಮಕ್ಳು ಕುಂತಿದ್ರು. ಒಬ್ಬಾಕಿ ಮುದುಕಿ ಮಗಳು, ಒಬ್ಬಾಕಿ ಸೊಸಿ. ಗಂಡಸ್ರೆಲ್ಲಾ ಮೋಟಾರ್ ಸೈಕಲ್ ಮ್ಯಾಲ ಮುಂದ ಹೋಗಿದ್ರು.

ಮಟಮಟ ಮಧ್ಯಾಹ್ನ. ಊರಾಗಿನ ಹಿರೇರು ಹೊರಗ ಅಡ್ಡಾಡಬ್ಯಾಡ್ರಿ ಅನ್ನೂವಂಥಾ ಹೊತ್ತು. ಎರಡೂ ಕಡೆ ಎರಿ ಹೊಲ ಕರ್ರಗ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ರಸ್ತಾದಾಗ ಒಂದು ನಾಯಿ ಇಲ್ಲ, ಮ್ಯಾಲ ಒಂದು ಕಾಗಿ ಇಲ್ಲ. ಗಿಡದ ನೆರಳು ಸುದ್ದಾ ಗಿಡದ ಬುಡದಾಗ ಹೊಕ್ಕೊಂಡು ಕುಂತಿತ್ತು.

ಒಂದು ದಿನ್ನಿ ಏರೂಮುಂದ ಸದ್ದು ಬಂತು. "ಊಂ... ಊಂ..." ಅಂತ. ಹಲ್ಲು ಕಚ್ಚಿ ನೋವು ತಡಕೊಂಡು ಮುದುಕಿ ನರಳಿದಂಗ. ಹೊರಗ ಏನರ ಇರಬೇಕು ಅಂತ ಕಿಡಕಿ ಏರಿಸಿದೆ. ಸದ್ದು ಮತ್ತಿಷ್ಟು ಹತ್ತಿರಕ್ಕ ಬಂತು. ಅದು ಹೊರಗಿಂದಲ್ಲ, ಗಾಡಿ ಹೊಟ್ಟ್ಯಾಗಿಂದ ಬರಾಕತ್ತಿತ್ತು. ಕನ್ನಡ್ಯಾಗ ನೋಡಿದೆ. ಹೆಣದ ಮ್ಯಾಲಿನ ಬಿಳಿ ಅರಿವಿ ಮೆಲ್ಲಕ ಅಲುಗಾಡಾಕತ್ತಿತ್ತು. ಗಾಡಿ ಕುಲುಕಾಟಕ್ಕ ಅಂತ ಮನಸಿಗೆ ಹೇಳಿದೆ. ಮನಸು ಒಪ್ಪಲಿಲ್ಲ.

"ಅತ್ತಿ ನರಳಾಕತ್ಯಾರ," ಅಂದ್ಲು ಸೊಸಿ.

"ಹುಚ್ಚಿ ಅದೀಯೇನು? ಡಾಕ್ಟರ್ ನೋಡಿ ಬರದು ಕೊಟ್ಟಾರ," ಅಂದ್ಲು ಮಗಳು. ಆದ್ರ ಹೇಳ್ಕೋತ ಆಕಿನೂ ಒಂಚೂರು ಸರದು ಕುಂತಳು.

ಏರು ಜಾಸ್ತಿ ಆತು, ನಾ ಎಕ್ಸಿಲೇಟರ್ ಒತ್ತಿದೆ. ನರಳಿಕಿ ಹೋಗಿ ಚೀರಾಟ ಆತು. ಸೊಸಿ ಎರಡೂ ಕೈ ಜೋಡಿಸಿ ಹೆಣದ ಕಾಲಿಗೆ ಬಿದ್ಲು. "ತಪ್ಪಾತ್ರಿ ಅತ್ತೀ! ನಿಮ್ಮ ಬೆಳ್ಳಿ ಡಾಬು ಕಳದಿಲ್ರಿ. ನಮ್ಮ ತವರಮನ್ಯಾಗ, ಟ್ರಂಕಿನ ತಳದಾಗ ಐತ್ರಿ. ನಾನ ಒಯ್ದಿಟ್ಟೀನ್ರಿ!"

ಅಷ್ಟೊತ್ತಿಗೆ ದಿನ್ನಿ ಮುಗೀತು. ನಾ ಕಾಲು ಸಡ್ಲ ಬಿಟ್ಟೆ. ಸದ್ದು ಟಕ್ಕನ ನಿಂತ್ತು.

"ಕೇಳಿಸಿಕೊಂಡ್ರು," ಅಂದ್ಲು ಸೊಸಿ, ಬೆವರು ಒರಸಿಕೊಂಡು.

ಮುಂದಿನ ದಿನ್ನಿ ಬಂತು. ಮತ್ತ ನರಳಿಕಿ. ಈ ಸಲ ಹಿತ್ತಾಳಿ ಕೊಡಪಾನ, ಎರಡು ಇಳಕಲ್ ಸೀರಿ ಹೊರಗ ಬಂದ್ವು. ನಾ ಕಾಲು ತಗದು ಗಾಡಿ ಮೆಲ್ಲಕ ಮಾಡಿದೆ.

ಬೆನ್ನ ಹಿಂದಿನ ಸಣ್ಣ ಕಿಂಡ್ಯಾಗ ಯಾರೋ ಕೈಬಟ್ಟಿನಿಂದ ಟಕಟಕ ಬಡದ್ರು. ನನ್ನ ಜೀವ ಹೋಗಿ ಬಂತು. ತಿರುಗಿ ನೋಡಿದ್ರ ಮುದುಕಿ ಮಗಳು. ಸೊಸಿಗೆ ಕೇಳಬಾರ್ದಂಗ ಕಿಂಡಿಗೆ ಬಾಯಿ ಹಚ್ಚಿ ಹೇಳಿದ್ಲು: "ಅಣ್ಣಾ, ಜೋರು ಹೊಡಿ. ಅವ್ವನ ಬಂಗಾರದ ಪಾಟ್ಲಿ ಇನ್ನೂ ಸಿಕ್ಕಿಲ್ಲ."

ಗ್ಯಾರಂಟಿ

ನರಳೂ ಗಾಡಿನ ರಿಪೇರಿಗೆ ಒಯ್ದೆ. ಕೊಪ್ಪಳದಾಗ ಯಾವ ಗ್ಯಾರೇಜಿನವ್ರೂ ಒಳಗ ಬಿಟ್ಟುಕೊಳ್ಳಲಿಲ್ಲ. "ನಿನ್ನ ಗಾಡಿ ನಮ್ಮ ಬಾಗ್ಲಾಗ ನಿಂತ್ರ ಬ್ಯಾರೆ ಗಿರಾಕಿ ಬರ್ತಾರೇನು?" ಅಂದ್ರು. ಕಡೀಕ ಹಿಟ್ನಾಳದಾಗ ದೊಡ್ಡ ರಸ್ತಾದ ಬಾಜೂಕ ಲಾರಿ ರಿಪೇರಿ ಮಾಡೂ ಒಬ್ಬ ಮೇಸ್ತ್ರಿ ಹೂಂ ಅಂದ. ಆಳು ಭರ್ಜರಿ, ಮೀಸಿ ಅದಕ್ಕಿಂತ ಭರ್ಜರಿ.

"ದೆವ್ವ ಗಿವ್ವ ನಾ ನಂಬಂಗಿಲ್ಲ," ಅಂದ. "ಗಾಡಿ ಮಾತ್ರ ಒಳಗ ತರಬ್ಯಾಡ. ಅಲ್ಲೆ ಬೇವಿನ ಗಿಡದ ಕೆಳಗ ನಿಂದರಿಸು." ಹಂಗ ಹೇಳ್ಕೋತ ಅಂಗಿ ಕಿಸೇದಾಗ ಒಂದು ಲಿಂಬಿಹಣ್ಣು ಇಟ್ಟುಕೊಂಡಿದ್ದು ನಾ ನೋಡಿದೆ.

ಗಾಡಿ ಕೆಳಗ ಮಲಕೊಂಡು ಒಳಗ ಸರದ. "ನೀ ಸೀಟಿನ ಮ್ಯಾಲ ಕುಂದ್ರು, ಇಂಜಿನ್ ಚಾಲೂ ಇಡು," ಅಂದ. ಆಮ್ಯಾಲೆ ಒಂಚೂರು ಸಣ್ಣ ಧ್ವನ್ಯಾಗ, "ಮತ್ತ... ಏನರ ಮಾತಾಡ್ಕೋತ ಇರು," ಅಂದ.

ನಾ ಮಳಿ ಬಗ್ಗೆ ಮಾತಾಡಿದೆ, ಶೇಂಗಾ ಬಗ್ಗೆ ಮಾತಾಡಿದೆ. ಎಷ್ಟಂತ ಮಾತಾಡೂದು? ಸುಮ್ಮನಾದೆ. ಆಗ ಗಾಡಿ ಹಿಂದಿನ ಭಾಗದಾಗ ಟಕ್, ಟಕ್ ಅಂತ ಸದ್ದಾತು. ಸ್ಟ್ರೆಚರ್ ಇಡೂ ಜಾಗದಾಗ.

"ಬಡದವ ನೀನೇನು?" ಅಂತ ಕೆಳಗಿಂದ ಧ್ವನಿ.

"ನಾ ಮುಂದ ಅದೀನಲ್ಲ. ನಾ ನಿನ್ನ ಅಂದ್ಕೊಂಡೆ."

"ನಾನೂ ಮುಂದ ಅದೀನಿ."

ಗಿಡದ ಎಲಿ ಸುದ್ದಾ ಅಲ್ಲಾಡಾಕತ್ತಿದ್ದಿಲ್ಲ. ಟಕ್, ಟಕ್. ಆಮ್ಯಾಲೆ ಕೆಳಗಿಂದ ಒಂದು ಕೂಗು ಬಂತು ನೋಡ್ರಿ, ಅಂಥಾ ದೊಡ್ಡ ದೇಹದಿಂದ ಅಷ್ಟು ಸಣ್ಣ ಕೂಗು ಬರತೈತಿ ಅಂತ ನನಗ ಗೊತ್ತಿದ್ದಿಲ್ಲ. ಮೇಸ್ತ್ರಿ ತೆವಳಿಕೊಂಡು ಹೊರಗ ಬಂದ. ಹಣಿಯಿಂದ ಗದ್ದದ ತನಕ ಕೆಂಪಗ, ಬೆಚ್ಚಗ, ಹನಿಹನಿ ಇಳಿಯಾಕತ್ತಿತ್ತು. ಎದುರಿನ ಚಾದಂಗಡ್ಯಾಗ ಕುಂತಾವ್ರು ಹೆಣದ ಗಾಡಿ ಬುಡದಿಂದ ಕೆಂಪು ಮಾರಿ ಮನುಷ್ಯಾ ಎದ್ದು ಬರೂದನ್ನ ನೋಡಿ, ಕಪ್ಪು ಬಸಿ ಅಲ್ಲೆ ಬಿಟ್ಟು, ಚಪ್ಪಲಿನೂ ಬಿಟ್ಟು ಓಡಿಹೋದ್ರು.

ಮೇಸ್ತ್ರಿ ಬಟ್ಟಿನಿಂದ ಒರಸಿಕೊಂಡು ಮೂಸಿ ನೋಡಿದ. "ಎಣ್ಣಿ!" ಅಂದ. "ಗೇರ್ ಎಣ್ಣಿ. ಕ್ಲಚ್ ಇಲ್ಲದ ಗಾಡಿದು ಎಣ್ಣಿ ಕೆಂಪಗ ಇರತೈತಿ."

ಧೈರ್ಯ ಬಂದ ಮ್ಯಾಲ ನನ್ನನ್ನೂ ಕೆಳಗ ಎಳದು ತೋರಿಸಿದ. ಗೇರ್ ಪೆಟಿಗಿಂದ ಎರಡು ಸಣ್ಣ ಕಬ್ಬಿಣದ ಪೈಪು ಮುಂದ ರೇಡಿಯೇಟರಿಗೆ ಹೊಕ್ಕಿದ್ವು. ಒಂದ್ರಾಗ ಬಿಸಿ ಎಣ್ಣಿ ಹೋಗತೈತಿ, ಅಲ್ಲಿ ತಣ್ಣಗಾಗಿ ಇನ್ನೊಂದ್ರಾಗ ತಿರುಗಿ ಬರತೈತಿ. ಹೋಗೂ ಪೈಪು ಗಾಡಿ ಎಲುಬಿಗೆ ತಿಕ್ಕಿ ತಿಕ್ಕಿ ತುಕ್ಕು ತಿಂದಿತ್ತು. ಇಂಜಿನ್ ಬಿಸಿ ಆಗಿ ಒತ್ತಡ ಬಂದ್ರ ಅಷ್ಟ ಸೋರೂದು, ತಣ್ಣಗಿದ್ದಾಗ ಒಂದು ಹನಿ ಇಲ್ಲ. ಎಣ್ಣಿ ಕಮ್ಮಿ ಆದ್ರ ಒಳಗಿನ ಪಂಪು ಗಾಳಿ ಕುಡದು ನರಳೂದು.

ತೂತು ಬಿದ್ದಷ್ಟು ಜಾಗ ಕೊಯ್ದು, ನಡುವ ಒಂದು ತುಂಡು ರಬ್ಬರ್ ಪೈಪು ಹಾಕಿ, ಎರಡೂ ಕಡೆ ಕ್ಲಿಪ್ ಬಿಗದ. ಹಿಂದ ಬಡದಿದ್ದು ಏನು ಅಂತ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಸ್ಟ್ರೆಚರಿನ ಬಕಲ್ ಇರಬೇಕು ಅಂತ ಇಬ್ಬರೂ ಹೊರಗ ನಿಂತು ತೀರ್ಮಾನ ಮಾಡಿದ್ವಿ.

"ಇದು ಸದ್ಯಕ್ಕ ಅಷ್ಟ. ಬಿಸಿಗೆ ರಬ್ಬರ್ ಮೆತ್ತಗಾಗತೈತಿ," ಅಂತ ಹೇಳಿ ಒಂದು ಕ್ಯಾನ್ ಕೆಂಪೆಣ್ಣಿ ಕೈಯಾಗ ಕೊಟ್ಟ.

"ಗ್ಯಾರಂಟಿ ಏನರ ಕೊಡ್ತಿಯೇನು?" ಅಂದೆ.

ಮೇಸ್ತ್ರಿ ಗಾಡಿ ಹಿಂದಿನ ಬಾಗ್ಲ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. "ಇಷ್ಟು ಮಂದೀನ ಒಯ್ದು ಬಿಟ್ಟು ಬಂದೀ, ನೀನೂ ಗ್ಯಾರಂಟಿ ಕೇಳ್ತೀಯಲ್ಲೋ!" ಅಂದ.

ಧೂಪ

ಗಂಗಾವತಿ ಆಚಿ ಕಾಲುವಿ ಕಡೆ, ತೆಲುಗು ರೈತರು ಬಂದು ನೆಲಸಿದ ಒಂದು ಕ್ಯಾಂಪಿಗೆ ಮುಂಜಾನಿ ಮುಂಜಾನಿ ಒಂದು ಹೆಣ ಒಯ್ದಿದ್ದೆ. ಗದ್ದಿ ಮ್ಯಾಲ ಮಂಜು ಕೂತಿತ್ತು. ಗುಡ್ಡದ ಬಂಡಿಗಲ್ಲು ಮಂಜಿನೊಳಗ ತಲಿ ಅಷ್ಟ ತೋರಿಸಿಕೊಂಡು ನಿಂತಿದ್ವು, ಮಣ್ಣಿಗೆ ಬಂದ ಮಂದಿ ಹಂಗ. ಗಾಡಿ ನಿಂದರಿಸಿ ಹಿಂದಿನ ಬಾಗ್ಲ ತಗದೆ. ಬುಡದಿಂದ ಬೆಳ್ಳಗ ಹೊಗಿ ಏಳಾಕ ಸುರು ಆತು. ಎಣ್ಣಿ ಸೈಲೆನ್ಸರ್ ಮ್ಯಾಲ ಬಿದ್ದು ಸುಡಾಕತ್ತಿತ್ತು. ಹೊಗಿ ಸಾವಕಾಶ ಮ್ಯಾಲ ಎದ್ದು, ಗಾಡಿ ಸುತ್ತ ಒಂದು ಸುತ್ತು ಬಂದು, ಹೆಣದ ಮ್ಯಾಲ ನಿಂತುಬಿಟ್ಟಿತು. ಗಾಳಿ ಇದ್ದಿಲ್ಲಲ್ಲ, ಎಲ್ಲೂ ಹೋಗಲಿಲ್ಲ.

ಅಳೂ ಮಂದಿ ಅಳೂದು ನಿಲ್ಲಿಸಿದ್ರು. ಒಬ್ಬಾಕಿ ತೆಲುಗು ಮುದುಕಿ "ಪೊಗ! ಪೊಗ!" ಅಂತ ಬಟ್ಟು ತೋರಿಸಿ ಹಿಂದ ಸರದ್ಲು. ಆಕಿ ಹಿಂದ ಎಲ್ಲಾರೂ ಸರದ್ರು. ಹೊಗಿಯೊಳಗ ನಾನೂ ಹೆಣಾನೂ ಇಬ್ಬರ ಉಳದ್ವಿ. ಬೆಂಕಿ ಹತ್ತಿತು ಅಂತ ನಾ ಒದರಬೇಕು ಅನ್ನೂದ್ರಾಗ ಸತ್ತಾವನ ಅಣ್ಣ ಮುಂದ ಬಂದು ಕೈ ಮುಗದು ಕಣ್ಣಿಗೆ ಒತ್ತಿಕೊಂಡ.

ಮುಂದ ಅದ ಕ್ಯಾಂಪಿನಿಂದ ಇನ್ನೊಂದು ಸಾವಿಗೆ ಫೋನು ಬಂತು: "ಸಾದಾ ಗಾಡಿ ಬ್ಯಾಡ್ರಿ. ಆ ಸಾಂಬ್ರಾಣಿ ಫಿಟಿಂಗ್ ಇದ್ದ ಗಾಡಿನ ಕಳಸ್ರಿ."

ಎರಡು ಓಣಿ

ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ತೀರಿಕೊಂಡಾವ ಊರಾಗ ದೊಡ್ಡ ಮನುಷ್ಯ, ಎಲ್ಲಾರೂ ಯಜಮಾನ ಅಂತಿದ್ರು. ಇಬ್ಬರು ಗಂಡಮಕ್ಳು. ಒಂದ ಮನಿ, ಪಡಸಾಲಿ ನಡುವ ಗ್ವಾಡಿ ಎಬ್ಬಿಸಿ ಎರಡು ಮಾಡಿಕೊಂಡಿದ್ರು. ದೊಡ್ಡಾವನ ಬಾಗ್ಲ ಒಂದು ಓಣಿಗೆ, ಸಣ್ಣಾವನ ಬಾಗ್ಲ ಇನ್ನೊಂದು ಓಣಿಗೆ. ಮಾತುಕತಿ ಬಂದ್. ಅಪ್ಪ ಮುಂಜಾನಿ ಅಲ್ಲಿ ಉಂಡು, ಸಂಜಿಕ ಇಲ್ಲಿ ಉಂಡು ಕಾಲ ಕಳದಿದ್ದ.

ಎರಡೂ ಓಣಿ ಕೂಡೂ ಜಾಗದಾಗ ಒಂದು ಬನ್ನಿಗಿಡ. ಅದರ ಕೆಳಗ ಗಾಡಿ ನಿಂದರಿಸಿ, "ಯಾವ ಕಡೆ ಹೋಗೂಣ್ರಿ?" ಅಂತ ಕೇಳಿದೆ.

"ಈ ಕಡೆ!" ಅಂದ ದೊಡ್ಡಾವ.

"ಈ ಕಡೆ!" ಅಂದ ಸಣ್ಣಾವ, ಮಾರಿ ಬ್ಯಾರೆ ದಿಕ್ಕಿಗೆ ತಿರುವಿಕೊಂಡು.

ಹಿರಿಯಾವನ ಮಾತು ಅಂತ ನಾ ದೊಡ್ಡಾವನ ಓಣಿ ಕಡೆ ಸ್ಟೇರಿಂಗ್ ತಿರುವಿ ಬ್ರೇಕ್ ಬಿಟ್ಟೆ. ಗಾಡಿ ಸರೀಲಿಲ್ಲ. ಎಕ್ಸಿಲೇಟರ್ ಒತ್ತಿದೆ. ಇಂಜಿನ್ ಹುಲಿ ಹಂಗ ಗರ್ಜಿಸಿತು, ಗಾಲಿ ಒಂದು ಗೇಣು ಉರುಳಲಿಲ್ಲ. ಯಾರೋ ಹಿಂದ ಎರಡೂ ಕೈಲೆ ಗಟ್ಟಿ ಹಿಡದು ನಿಂತಂಗ. ಊರ ಮಂದಿ ಗದ್ದಲ ತಟಕ್ಕನ ನಿಂತ್ತು. ಕಟ್ಟಿದ ಎತ್ತು ಮೇಯೂದು ಬಿಟ್ಟು ಗಾಡಿ ಕಡೆ ನೋಡಾಕತ್ತಿದ್ವು.

ಕ್ಲಿಪ್ಪಿನ ಬುಡದಾಗ ಎಣ್ಣಿ ಹೋಗೈತಿ ಅಂತ ನನಗ ತಿಳೀತು. ಎಣ್ಣಿ ಇಲ್ಲಂದ್ರ ಇಂಜಿನ್ ಎಷ್ಟು ಒದರಿದ್ರೂ ಗಾಲಿಗೆ ಜೀವ ಮುಟ್ಟಂಗಿಲ್ಲ. ಇಳದು, "ಏನಿಲ್ರಿ, ಎಣ್ಣಿ ಕಮ್ಮಿ ಆಗೈತಿ," ಅಂದೆ.

ಊರ ಹಿರಿಯ ಒಬ್ಬಾವ ಗಾಡಿ ಮೈಗೆ ಕಿವಿ ಹಚ್ಚಿ ನಿಂತಿದ್ದ. "ನೀ ಸುಮ್ಮನಿರು," ಅಂದ. "ಯಜಮಾನ ಮಾತಾಡಾಕತ್ಯಾನ."

"ಏನಂತ್ರಿ?"

"ಒಲ್ಲೆ ಅಂತಾನ."

ಸಣ್ಣಾವನ ಮಾರಿ ಅರಳಿತು. "ನಾ ಹೇಳಲಿಲ್ಲೇನು, ನಮ್ಮ ಕಡೆ ಬರಾವ ಅವ," ಅಂದ. ನನ್ನನ್ನ ಹತ್ತಿಸಿ ಅವನ ಓಣಿ ಕಡೆ ಸ್ಟೇರಿಂಗ್ ತಿರುವಿಸಿದ್ರು. ಇಂಜಿನ್ ಮತ್ತ ಗರ್ಜಿಸಿತು. ಗಾಡಿ ಮತ್ತ ಕಲ್ಲು. ಗಿಡದಾಗ ಒಂದು ಗೂಬಿ ಹಗಲ ಹೊತ್ತಿನ್ಯಾಗ ಕಣ್ಣು ತಗದು ನಮ್ಮನ್ನ ನೋಡಿತು.

ಹಿರಿಯ ಕಿವಿ ತಗದು ಅಣ್ಣತಮ್ಮಂದ್ರ ಕಡೆ ತಿರುಗಿದ. "ಆ ಮನಿನೂ ಒಲ್ಲೆ, ಈ ಮನಿನೂ ಒಲ್ಲೆ ಅಂತಾನ. ನಾ ಕಟ್ಟಿಸಿದ ಮನಿ ಎಲ್ಲೈತಿ, ಅಲ್ಲಿಗೆ ಒಯ್ರಿ ಅಂತಾನ."

ದೊಡ್ಡಾವ ನೆಲ ನೋಡಿದ. ಸಣ್ಣಾವನೂ ನೆಲ ನೋಡಿದ. ದೊಡ್ಡಾವ ಮನಿಯೊಳಗ ಹೋಗಿ ಕಬ್ಬಿಣದ ಹಾರಿ ತಂದ. ಗ್ವಾಡಿಗೆ ಮೊದಲ ಏಟು ಬಿದ್ದಾಗ ಆ ಕಡೆಯಿಂದ ಸಣ್ಣಾವನ ಹಾರಿ ಸದ್ದೂ ಕೇಳಿತು. ಗ್ವಾಡ್ಯಾಗ ತೂತು ಬಿದ್ದು, ಆ ತೂತಿನ್ಯಾಗ ಅಣ್ಣತಮ್ಮಂದ್ರು ಒಬ್ಬರ ಮಾರಿ ಒಬ್ಬರು ನೋಡಿಕೊಂಡು ಸಣ್ಣ ಹುಡುಗ್ರಂಗ ಅತ್ರು. ಅವರು ಅಳೂ ಹೊತ್ತಿನ್ಯಾಗ ನಾ ಬಾನೆಟ್ ಎತ್ತಿ, ಕಳ್ಳನಂಗ ಲಾಳಿಕಿ ಹಚ್ಚಿ ಎಣ್ಣಿ ಹಾಕಾಕ ಸುರು ಮಾಡಿದೆ.

ಒಂದು ಮಾತು ಖರೇ ಹೇಳತೀನಿ. ನಾ ಪಾವ ಕ್ಯಾನ್ ಸುದ್ದಾ ಹಾಕಿದ್ದಿಲ್ಲ, ಅಷ್ಟು ಎಣ್ಣಿಗೆ ಗಾಡಿ ಸರಿಯಬಾರ್ದು. ಗ್ವಾಡಿ ಪೂರಾ ಬಿದ್ದು ಧೂಳು ಎದ್ದಿತು, "ಆತು ಬರ್ರಿ" ಅಂತ ಒಳಗಿಂದ ಕೂಗಿದ್ರು, ನಾ ಹತ್ತಿ ಬ್ರೇಕ್ ಮ್ಯಾಲಿನ ಕಾಲು ತಗದೆ. ಗಾಡಿ ಆಕಳಂಗ ಮೆಲ್ಲಕ ಸರಕೊಂಡು ಹೋತು.

ಆ ಗ್ವಾಡಿ ಅವರು ಮತ್ತ ಕಟ್ಟಲಿಲ್ಲ. ಮುಂದ ಆ ಹಿರಿಯ ಫೋನ್ ಮಾಡಿದ. ಯಾರು ತೀರಿಕೊಂಡ್ರಿ ಅಂತ ಕೇಳಿದೆ. "ಯಾರೂ ಇಲ್ಲ, ಎಲ್ಲಾರೂ ಆರಾಮ ಅದಾರ," ಅಂದ. "ಊರಾಗ ಇನ್ನೂ ನಾಕೈದು ಮನಿ ಜಗಳ ಉಳದಾವ. ಖಾಲಿ ಗಾಡಿನ ತಂದು ಗಿಡದ ಕೆಳಗ ಒಂದು ತಾಸು ನಿಂದರಿಸಿ ಹೋಗು."

ಹುಲಿಹೈದರದ ಅಜ್ಜಿ

ಇದರಾಗ ನಗು ಕಮ್ಮಿ, ಮೊದಲ ಹೇಳಿಬಿಡ್ತೀನಿ.

ಹುಲಿಹೈದರದ ಒಬ್ಬ ಅಜ್ಜ ಗಂಗಾವತಿ ದವಾಖಾನ್ಯಾಗ ತೀರಿಕೊಂಡ. ಸಂಜಿ ಹೊತ್ತಿಗೆ ಊರು ಮುಟ್ಟಿದ್ವಿ. ದೀಪ ಹಚ್ಚೂ ಹೊತ್ತು, ಮುಗಲು ಕೆಂಪಗಾಗಿತ್ತು. ಅವನ ಹೆಂಡ್ತಿ ಕಟ್ಟಿ ಮ್ಯಾಲ ಕಂಬಕ್ಕ ಆತುಕೊಂಡು ಕುಂತಿದ್ಲು. ಅತ್ತು ಅತ್ತು ದನಿ ಹೋಗಿತ್ತು. ಇಂಜಿನ್ ಬಂದ್ ಮಾಡಿದ್ರ ಮತ್ತ ಹೆಂಗೋ ಏನೋ ಅಂತ ನಾ ಚಾಲೂ ಇಟ್ಟಿದ್ದೆ.

ಮೊದಲ ನಾಯಿ ಬಂತು. ಗಾಡಿ ಬುಡ ಮೂಸಿ, ಬಾಲ ಒಳಗ ಹಾಕಿ, ಕುಂಯ್ ಅಂತ ಹಿಂದ ಸರೀತು. ಎಲ್ಲಾರೂ ಬಗ್ಗಿ ನೋಡಿದ್ರು. ಹೆಣ ಇಟ್ಟ ಜಾಗದ ನೆಟ್ಟಗ ಕೆಳಗ, ಬಿಳಿ ಮಣ್ಣಿನ ಮ್ಯಾಲ, ಕೆಂಪು ಹನಿ. ತೊಟ್, ತೊಟ್, ತೊಟ್. ಹಿಂದ ರಸ್ತಾದಾಗ ನೋಡಿದ್ರ, ಊರ ಅಗಸಿಯಿಂದ ಮನಿ ತನಕ ಹನಿ ಸಾಲು ಹಿಡಕೊಂಡು ಬಂದಿತ್ತು.

ಮಂದ್ಯಾಗ ಅಜ್ಜನ ಅಳಿಯ ಒಬ್ಬಾವ ಇದ್ದ, ಮೊದಲ ಎಲ್ಲೋ ದವಾಖಾನ್ಯಾಗ ಕಂಪೌಂಡರ್ ಆಗಿದ್ದು ಬಿಟ್ಟಾವ. "ಸತ್ತವರ ಮೈಯಾಗ ನೆತ್ತರ ಹರಿಯಂಗಿಲ್ಲ!" ಅಂತ ಒದರಿದ. "ಮಾವ ಜೀವಂತ ಅದಾನ!"

ಅಷ್ಟ ಸಾಕಾತು. ಒಬ್ಬ ಅರಿವಿ ತಗದು ಎದಿಗೆ ಕಿವಿ ಹಚ್ಚಿದ. ಒಬ್ಬ ಮೂಗಿಗೆ ಉಳ್ಳಾಗಡ್ಡಿ ಹಿಡದ. ಒಬ್ಬಾಕಿ ಕನ್ನಡಿ ತಂದು ಬಾಯಿ ಮುಂದ ಹಿಡದ್ಲು; ಕತ್ತಲಾಗಾಕತ್ತಿತ್ತು, ಮಂಜು ಕೂತೈತಿ ಅಂತ ಒಬ್ಬ, ಇಲ್ಲ ಅಂತ ಒಬ್ಬ. ಅಜ್ಜನ ಕೈ ಒಂಚೂರು ಜಾರಿ ಸ್ಟ್ರೆಚರಿನಿಂದ ಹೊರಗ ಬಿತ್ತು. ಎಲ್ಲಾರೂ ಹೋ ಅಂತ ಹಿಂದ ಹಾರಿದ್ರು. ನನಗ ಗೊತ್ತಿತ್ತು, ಅದು ಗಾಡಿ ಹೊಟ್ಟಿಗುಂಟ ಹಿಂದ ಹರದು ಬಂದ ಎಣ್ಣಿ. ಗೊತ್ತಿದ್ರೂ ಆ ಕೈ ನೋಡಿ ನಾನೂ ಹಿಂದ ಹಾರಿದೆ.

ಆಗ ಅಜ್ಜಿ ಎದ್ದು ಬಂದ್ಲು. ಯಾರ ಆಸರಾನೂ ಇಲ್ಲದಂಗ. ಮಂದಿ ತಾವ ದಾರಿ ಬಿಟ್ರು. ಆಕಿ ಮಾರಿ ಮ್ಯಾಲ ಬಂದಿದ್ದ ಬೆಳಕು ನನಗ ನೋಡಾಕ ಆಗಲಿಲ್ಲ. ನಾ ಗಾಡಿ ಕೆಳಗ ಕೈ ಹಾಕಿ, ಹನಿ ಬಟ್ಟಿಗೆ ಹಿಡದು, ಆಕಿ ಮುಂದ ಕುಂತೆ.

"ಯವ್ವಾ," ಅಂದೆ, "ಇದು ಗಾಡಿ ಎಣ್ಣಿ ಬೇ. ಪೈಪು ತೂತಾಗೈತಿ. ಮೂಸಿ ನೋಡು."

ಆಕಿ ನನ್ನ ಬಟ್ಟು ಹಿಡದು ಮೂಸಿ ನೋಡಿದ್ಲು. ಭಾಳ ಹೊತ್ತು ನನ್ನ ಬಟ್ಟು ಬಿಡಲಿಲ್ಲ. ಆಮ್ಯಾಲೆ ಜೋತುಬಿದ್ದ ಅಜ್ಜನ ಕೈ ಎತ್ತಿ ಅವನ ಎದಿ ಮ್ಯಾಲ ಇಟ್ಲು, ಅರಿವಿ ಸರಿ ಮಾಡಿದ್ಲು.

"ಖಾತ್ರಿ ಎಣ್ಣಿ ಹೌದಿಲ್ಲೋ?" ಅಂತ ನನ್ನ ಕೇಳಿದ್ಲು.

"ಹೌದು ಬೇ."

"ಮತ್ತ ಆಮ್ಯಾಲೆ ಅಲ್ಲ ಅನಬ್ಯಾಡ. ನನ್ನ ಕಡೆ ಒಂದ ಸಲ ಅಳೂವಷ್ಟು ತ್ರಾಣ ಇತ್ತು, ಅತ್ತು ಮುಗಿಸೀನಿ," ಅಂದ್ಲು. ಆಮ್ಯಾಲೆ ಅಳಿಯನ ಕಡೆ ತಿರುಗಿ, "ನೀ ಕಂಪೌಂಡರ್ ಕೆಲಸ ಬಿಟ್ಟಿದ್ದು ಚಲೋ ಆತಪ್ಪ," ಅಂದ್ಲು.

ಹೊಸ ಪೈಪು

ಹುಲಿಹೈದರದಿಂದ ಬಂದಾವ ನೆಟ್ಟಗ ನಮ್ಮ ಕಾರ್ಯದರ್ಶಿ ಕಡೆ ಹೋದೆ. ಅವರು ನಿವೃತ್ತ ಸಾಲಿ ಮಾಸ್ತರು. "ಗಾಡಿ ಗುಜರಿಗೆ ಹಾಕೂಣು," ಅಂದ್ರು. ಗಾಡಿ ಹೋದ್ರ ಹಳ್ಳಿ ಮಂದಿ ಹೆಣಾನ ಟಂಟಂ ಆಟೋದಾಗ ಕಾಲು ಹೊರಗ ಬಿಟ್ಟುಕೊಂಡು ಒಯ್ಯಬೇಕಾಗತೈತಿ, ನನ್ನ ಹೊಟ್ಟಿನೂ ಅದರ ಮ್ಯಾಲ ಐತಿ. "ಒಮ್ಮೆ ಪೂರಾ ಹೊಸ ಪೈಪು ಹಾಕಿಸಿ ನೋಡೂಣ್ರಿ," ಅಂತ ಗಂಟು ಬಿದ್ದೆ. "ಇನ್ನೊಂದು ಹನಿ ಸೋರಿದ್ರ ಗುಜರಿ," ಅಂತ ಒಪ್ಪಿದ್ರು.

ಹಿಟ್ನಾಳದ ಮೇಸ್ತ್ರಿ ಈ ಸಲ ಲಿಂಬಿಹಣ್ಣು ಇಲ್ಲದ ಕೆಳಗ ಹೋದ. ತುಕ್ಕು ಹಿಡದ ನಟ್ಟು ಒಂದು ದಿನ ಎಣ್ಣ್ಯಾಗ ನೆನಸಿ, ಕಾಸಿ, ಬೈದು ಬಿಚ್ಚಿದ. ಹಳ್ಳದಾಗ ಹಾವು ಹೋದಂಗ ಸೊಟ್ಟಪಟ್ಟ ಇದ್ದ ಹಳೇ ಪೈಪಿನ ಅಳತಿಗೆ ತಂತಿ ಬಗ್ಗಿಸಿಕೊಂಡು ಗಂಗಾವತಿಗೆ ಒಯ್ದು, ಹೊಸ ಉಕ್ಕಿನ ಪೈಪು ಹಂಗ ಬಗ್ಗಿಸಿ, ತುದಿ ಎರಡೂ ಉಮ್ಮತ್ತಿ ಹೂವಿನಂಗ ಅರಳಿಸಿ ತಂದ. ಕೂಡಿಸಿ, ಎಲುಬಿಗೆ ತಿಕ್ಕದಂಗ ನಡುವ ರಬ್ಬರ್ ಕೊಟ್ಟ.

"ನಿಂತ ಗಾಡ್ಯಾಗ ಇದು ತಿಳಿಯಂಗಿಲ್ಲ," ಅಂದ. "ಬಿಸಿ ಏರಿ, ಓಡೂಮುಂದ ಕಣ್ಣಿಲೆ ನೋಡಬೇಕು." ಗಾಡಿ ಹಿಂದಿನ ನೆಲದ ಮುಂದಿನ ತಗಡು ಬಿಚ್ಚಿದ್ರ ಕೆಳಗ ಗೇರ್ ಪೆಟಿಗಿನೂ ಪೈಪಿನ ಬುಡಾನೂ ಕಾಣತೈತಿ. ಮೇಸ್ತ್ರಿ ಕೈಬ್ಯಾಟ್ರಿ ಹಿಡಕೊಂಡು ಅಲ್ಲೆ ಬೋರಲ ಮಲಕೊಂಡ. ಧೂಳು ಬರತೈತಿ ಅಂತ ಒಂದು ಬಿಳಿ ಅರಿವಿ ತಲಿತನಕ ಹೊದ್ದುಕೊಂಡ. ಹೊಸಾ ಅರಿವಿನ ಕೊಟ್ಟಿದ್ದೆ, ಖರೇ. ಆದ್ರ ನಮ್ಮ ಗಾಡ್ಯಾಗ ಇರೂ ಅರಿವಿ ಎಲ್ಲಾ ಒಂದ ನಮೂನಿ.

ಗಿಣಿಗೇರಿ ದಾಟಿ ಒಂದು ರೈಲ್ವೆ ಗೇಟ್ ಹಾಕಿತ್ತು, ನಿಂತೆ. ಇಳಿಹೊತ್ತು. ಕಾರ್ಖಾನಿ ಧೂಳಿಗೆ ಸೂರ್ಯ ಕೆಂಪಗ, ಕಳೆಗುಂದಿ ನಿಂತಿದ್ದ. ಗೇಟಿನ್ಯಾಗ ನಿಂತ ಮಂದಿ ಗಾಡಿ ನೋಡಿ ಟೊಪಗಿ ತಗದ್ರು. ನಾ ಕಣ್ಣು ಮುಚ್ಚಿ ಗೇರ್ ಪೆಟಿಗಿ ಸದ್ದು ಕೇಳಾಕತ್ತಿದ್ದೆ. ನರಳಿಕಿ ಇಲ್ಲ, ಹೊಗಿ ಇಲ್ಲ. ಒಬ್ಬಾವ ಕಿಡಕಿಗೆ ಬಂದು ಮೆಲ್ಲಕ, "ಒಳಗ ಯಾರು?" ಅಂದ.

"ಹಿಟ್ನಾಳದ ಮೇಸ್ತ್ರಿ," ಅಂದೆ. ಕೇಳಿದ್ದಕ್ಕ ಹೇಳಿದೆ, ಅಷ್ಟ.

"ಅಯ್ಯೋ ಶಿವನ! ಲಾರಿ ಮೇಸ್ತ್ರಿ? ನಿನ್ನೆ ನನ್ನ ಟ್ರ್ಯಾಕ್ಟರ್ ರಿಪೇರಿ ಮಾಡ್ಯಾನ!"

ಅವ ಯಾಕ ಕಣ್ಣಾಗ ನೀರು ತಂದ ಅಂತ ನನಗ ತಿಳಿಯೂದ್ರೊಳಗ ರೈಲು ಹೋತು, ಗೇಟ್ ಎದ್ದಿತು, ಹಿಂದಿನ ಲಾರಿಯವರು ಹಾರ್ನ್ ಬಾರಿಸಿದ್ರು. ನಾ ಹೊಂಟೆ.

ಮುಂದ ಅರ್ಧ ತಾಸು ಓಡಿಸಿ ಹಿಟ್ನಾಳದ ಕಡೆ ಹೊಳ್ಳಿದಾಗ, ಹಿಂದ ಅರಿವಿಯೊಳಗಿಂದ ಫೋನು ಬಡಕೊಂಡಿತು. ಕನ್ನಡ್ಯಾಗ ನೋಡಿದೆ. ಬಿಳಿ ಅರಿವಿಯೊಳಗ ಬೆಳಕು ಹತ್ತಿತು, ಅರಿವಿ ಸಾವಕಾಶ ಎದ್ದು ಕುಂತಿತು. ಮೇಸ್ತ್ರಿನ ಅಂತ ಗೊತ್ತಿತ್ತು. ಆದ್ರೂ ಸ್ಟೇರಿಂಗ್ ಒಂಚೂರು ಅತ್ತಾಗಿತ್ತಾಗ ಆತು. ಫೋನಿನ್ಯಾಗ ಅವನ ಹೆಂಡ್ತಿ ಜೋರು ಧ್ವನಿ ನನಗೂ ಕೇಳಾಕತ್ತಿತ್ತು.

"ನೀವು ಸತ್ತೀರಂತಲ್ಲ, ಖರೇ ಏನ್ರಿ?"

"ಇಲ್ಲಲೇ, ಕೆಲಸದ ಮ್ಯಾಲ ಅದೀನಿ."

ಆ ಕಡೆ ಒಂದು ಉಸಿರು ಬಿಟ್ಟ ಸದ್ದು ಬಂತು. ಆಮ್ಯಾಲೆ ಸಣ್ಣಗ ಒಂಚೂರು ಅತ್ಲು. ಅತ್ತಾದ ಮ್ಯಾಲ ಹೇಳಿದ್ಲು: "ಹಂಗಾರ ಜಲ್ದಿ ಬರ್ರಿ. ಊರ ಮಂದಿ ಎಲ್ಲಾ ಅಳಾಕ ಬಂದು ಪಡಸಾಲ್ಯಾಗ ಕುಂತಾರ. ಇಲ್ಲ ಅಂತ ನಾ ಎಷ್ಟು ಹೇಳಿದ್ರೂ ದುಃಖಕ್ಕ ಬಡಬಡಸಾಕತ್ತಾಳ ಅಂತಾರ. ಬಂದವ್ರಿಗೆ ಚಾ ಮಾಡಾಕ ಹಾಲಿಲ್ಲ, ಬರೂಮುಂದ ಹಾಲು ತರ್ರಿ."

ಹಾಲು ನಾ ಇಳದು ತಂದೆ. ಮೇಸ್ತ್ರಿ ಹಿಂದ ಕುಂತಾವ ಇಳಿಯಾಕ ಒಲ್ಲೆ ಅಂದ, "ದಾರ್ಯಾಗ ಯಾರರ ನೋಡಿದ್ರ ಎದಿ ಒಡಕೊಂಡು ಸಾಯ್ತಾರ," ಅಂತ.

ಹಿಟ್ನಾಳದಾಗ ಅವನ ಮನಿ ಮುಂದ ಗಾಡಿ ನಿಂತಾಗ ಹೊತ್ತು ಮುಳುಗಾಕತ್ತಿತ್ತು. ಗಾಡಿ ನೋಡಿದ್ದ ತಡ ಅಳು ಮುಗಲಿಗೆ ಮುಟ್ಟಿತು. ಮೇಸ್ತ್ರಿ ಸೋದರತ್ತಿ ಒಬ್ಬಾಕಿ, ಊರಾಗ ಯಾರ ಸಾವಿಗಾದ್ರೂ ಹಾಡ್ಯಾಡಿ ಅಳೂದ್ರಾಗ ಎತ್ತಿದ ಕೈ, ಬಾಗ್ಲಾಗ ಕುಂತು ಎದಿ ಬಡಕೊಂಡು ರಾಗ ತಗದಿದ್ಲು. ಗಂಡಸ್ರು ಹೆಣ ಇಳಸಾಕ ಅಂತ ತೋಳು ಏರಿಸಿ ಮುಂದ ಬಂದ್ರು.

ಆಗ ಹಿಂದಿನ ಬಾಗ್ಲದ ಹಿಡಿಕಿ ತಾನ ತಿರುಗಿತು. ಒಳಗಿಂದ.

ಮುಂದ ಬಂದವ್ರು ಹಂಗ ಹಿಂದ ಹೋದ್ರು. ಅಳು ನಿಂತ್ತು. ಬಾಗ್ಲ ಕಿರ್ ಅಂತ ತಗೀತು. ಮೈ ತುಂಬ ಧೂಳು, ಹೆಗಲ ಮ್ಯಾಲ ಬಿಳಿ ಅರಿವಿ, ಎರಡೂ ಕೈಯಾಗ ಹಾಲಿನ ಪಾಕೀಟು ಹಿಡಕೊಂಡು ಮೇಸ್ತ್ರಿ ಕಾಲು ಕೆಳಗ ಇಟ್ಟ. ಮೊದಲ ಬಗ್ಗಿ ಗಾಡಿ ಬುಡ ನೋಡಿದ. "ಒಂದ ಹನಿ ಸೋರಿಲ್ಲ ನೋಡು!" ಅಂತ ನನಗ ಹೇಳಿದ.

ಸೋದರತ್ತಿ ಒಬ್ಬಾಕಿನ ಅವನ ಮಾರಿ ನೋಡಿದ್ಲು, ಕೈಯಾಗಿನ ಪಾಕೀಟು ನೋಡಿದ್ಲು. ಎತ್ತಿದ ರಾಗ ನಡುವ ಬಿಡೂದು ಆಕಿಗೆ ರೂಢಿ ಇಲ್ಲ. ಮತ್ತ ಎದಿ ಬಡಕೊಂಡು ಅದ ರಾಗದಾಗ ಮುಂದುವರಸಿದ್ಲು:

"ಸತ್ತ ಮ್ಯಾಲರ ಮನಿಗೆ ಹಾಲು ತರೂ ಬುದ್ಧಿ ಬಂತಲ್ಲೋ ನನ್ನಪ್ಪಾ...!"